ಮಳೆ ಹೆಸರಿನ ಪುಟಗಳು: ಬರೆಯುವವರು ಋತುಗಳ ಲೆಕ್ಕ ಇಡುವುದು ಹೇಗೆ

2017ರ ಫೆಬ್ರವರಿಯಲ್ಲಿ ನನಗೊಂದು ಪೋಸ್ಟ್ ಕಾರ್ಡು ಬಂತು. ನನ್ನ ಒಂದು ಕಥೆ ಆಗಷ್ಟೇ ಅಚ್ಚಾಗಿತ್ತು. ಕಥೆಯ ಹುಡುಗಿ ಸಂಕ್ರಾಂತಿ ಬೆಳಿಗ್ಗೆ ಹೊಂಗೆ ಮರದ ಕೆಳಗೆ ನಡೆದು ಹೋಗುತ್ತಾಳೆ. ನೆಲದ ಮೇಲೆ ಅರಳು ಚೆಲ್ಲಿದ ಹಾಗೆ ಹೂ ಬಿದ್ದಿರುತ್ತದೆ. ಕಾರ್ಡು ಬರೆದವರು ಪಾಂಡವಪುರ ಕಡೆಯ ಒಬ್ಬ ಹಿರಿಯರು. ‘ಕಥೆ ಚೆನ್ನಾಗಿದೆ ತಾಯಿ. ಆದರೆ ಸಂಕ್ರಾಂತಿಗೆ ಹೊಂಗೆ ಹೂ ಬಿಟ್ಟಿದ್ದನ್ನು ನಾನು ಕಂಡಿಲ್ಲ. ಅದು ಯುಗಾದಿ ಹೊತ್ತಿಗೆ’ ಅಂತ ಇತ್ತು. ಅಷ್ಟೇ.

ನಾನು ಹೊಂಗೆ ನೆರಳಲ್ಲೇ ಬೆಳೆದವಳು. ನಾಲೆ ಏರಿಯ ಉದ್ದಕ್ಕೂ ನಮ್ಮೂರಲ್ಲಿ ಹೊಂಗೆ ಮರಗಳಿದ್ದವು. ಸಂಕ್ರಾಂತಿ ಹೊತ್ತಿಗೆ ಆ ಮರಗಳಲ್ಲಿ ಹಳೆ ಎಲೆ ಇರುತ್ತದೆ. ಆಮೇಲೆ ಅದು ಉದುರುತ್ತದೆ, ಮಾರ್ಚ್‌ನಲ್ಲಿ ಎಣ್ಣೆ ಸವರಿದಂಥ ಚಿಗುರು ಬರುತ್ತದೆ, ಅದರ ಹಿಂದೆಯೇ ಹೂ. ಇದೆಲ್ಲ ನನ್ನ ಕಣ್ಣಿಗೆ ಗೊತ್ತಿತ್ತು. ಬರೆಯುವ ಕೈಗೆ ಗೊತ್ತಿರಲಿಲ್ಲ. ಕಥೆಗೆ ಒಂದು ಹೂ ಬೇಕಿತ್ತು, ಹೆಸರು ಚೆನ್ನಾಗಿ ಕೇಳಿಸಿತು, ಹಾಕಿಬಿಟ್ಟೆ.

ಆ ಏಪ್ರಿಲ್‌ನಲ್ಲಿ, ದಿನಾ ಕಂಡದ್ದು ಕೇಳಿದ್ದನ್ನು ಮಳೆ ಹೆಸರಿನ ಪುಟಗಳಲ್ಲಿ ಬರೆದಿಡಲು, ನಾನೊಂದು ನೋಟ್‌ಬುಕ್ ಶುರು ಮಾಡಿದೆ. ಈಗ ಅಂಥ ಮೂರು ನೋಟ್‌ಬುಕ್ ತುಂಬಿವೆ. ಆಮೇಲೆ ಬರೆದ ಪ್ರಬಂಧ, ಕಥೆ ಎಲ್ಲದರ ಬೇರು ಆ ಪುಟಗಳಲ್ಲಿದೆ. ಬರೆಯುವ ಆಸೆ ಇದ್ದು ‘ಏನು ಬರೆಯೋದು’ ಅಂತ ಕೂತವರಿಗೆ ಈ ಅಭ್ಯಾಸವನ್ನು ಪೂರ್ತಿಯಾಗಿ ಹೇಳಿಕೊಡಬೇಕು ಅಂತ ಬಹಳ ದಿನದಿಂದ ಆಸೆ ಇತ್ತು.

ಅಪ್ಪನ ಪುಸ್ತಕ

ನನ್ನಪ್ಪ ಸೌಡಿ. ವಿ.ಸಿ. ನಾಲೆಯ, ಅಂದರೆ ವಿಶ್ವೇಶ್ವರಯ್ಯ ನಾಲೆಯ ತೂಬು ತೆಗೆದು, ಮುಚ್ಚಿ, ಗದ್ದೆಗಳಿಗೆ ನೀರು ಹಂಚುವ ಕೆಲಸ. ಬೇರೆ ಕಡೆ ನೀರುಗಂಟಿ ಅಂತಾರೆ. ನಮ್ಮದು ಮದ್ದೂರು ತಾಲ್ಲೂಕು, ನಾಲೆಯ ಕೊನೆ ಭಾಗ. ಕನ್ನಂಬಾಡಿ ಕಟ್ಟೆಯಲ್ಲಿ, ಅಂದರೆ ಕೆ.ಆರ್.ಎಸ್. ಅಣೆಕಟ್ಟಿನಲ್ಲಿ ಬಿಟ್ಟ ನೀರು ನಮ್ಮೂರು ಮುಟ್ಟುವಷ್ಟರಲ್ಲಿ ಎಷ್ಟೋ ಊರು ದಾಟಿ ಬರಬೇಕು. ಅದಕ್ಕೇ ಅಪ್ಪ ಒಂದು ಪುಸ್ತಕ ಇಟ್ಟಿದ್ದರು. ಅದರಲ್ಲಿ ಇಂಗ್ಲಿಷ್ ತಾರೀಖು ಇರಲಿಲ್ಲ. ಮಳೆ ಹೆಸರು, ಅದರ ಎಷ್ಟನೇ ದಿನ, ಅಷ್ಟೇ.

ಒಂದು ವರ್ಷದ ಪುಟ ಹೀಗಿದೆ: ‘ಪುನರ್ವಸು 4. ನೀರಿಲ್ಲ.’ ‘ಪುನರ್ವಸು 5. ನೀರಿಲ್ಲ.’ ಹೀಗೇ ಪುಷ್ಯ ಪೂರ್ತಿ, ಆಶ್ಲೇಷದ ಎಂಟು ದಿನ. ನಾನು ಎಣಿಸಿದ್ದೇನೆ, ಒಟ್ಟು 33 ದಿನ ಅದೇ ಒಂದು ಪದ. ಆಮೇಲೆ: ‘ಆಶ್ಲೇಷ 9. ರಾತ್ರಿ 2.10. ನೀರು ಬಂತು. ಚಂದ್ರ ಇದ್ದ.’

ಚಂದ್ರ ಇದ್ದ ಅನ್ನೋದು ಯಾವ ಲೆಕ್ಕಕ್ಕೂ ಬೇಕಿರಲಿಲ್ಲ. ಯಾರೂ ಅವರನ್ನು ಕೇಳಿರಲಿಲ್ಲ. 33 ದಿನ ನೀರಿಲ್ಲ ಅಂತ ಬರೆದ ಕೈ, ನೀರು ಬಂದ ರಾತ್ರಿ ತಲೆ ಎತ್ತಿ ನೋಡಿದೆ. ಆ ಎರಡು ಪದ ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ನಾನು ಹೇಳುವ ವಿಧಾನ ಇಡೀ ಈ ಪುಟದಿಂದಲೇ ಬಂದದ್ದು.

ಪುಸ್ತಕ ಕಟ್ಟಿಕೊಳ್ಳುವುದು

200 ಪುಟದ ಗೆರೆ ಇರುವ ಲಾಂಗ್ ಬುಕ್ ಒಂದು ತನ್ನಿ. ದುಬಾರಿ ಡೈರಿ ಬೇಡ. ಡೈರಿಯಲ್ಲಿ ಆಗಲೇ ಜನವರಿ, ಫೆಬ್ರವರಿ ಅಚ್ಚಾಗಿರುತ್ತದೆ, ನಮಗೆ ಅದು ಬೇಡ.

ನಮ್ಮ ಹಿರಿಯರ ಲೆಕ್ಕದಲ್ಲಿ ಸೂರ್ಯ ಒಂದು ವರ್ಷದಲ್ಲಿ 27 ನಕ್ಷತ್ರ ದಾಟುತ್ತಾನೆ. ಒಂದೊಂದಕ್ಕೆ 13 ಅಥವಾ 14 ದಿನ. ಆ ದಿನಗಳಲ್ಲಿ ಬರುವ ಮಳೆಗೆ ಆ ನಕ್ಷತ್ರದ ಹೆಸರು. 27ಕ್ಕೆ ಏಳೇಳು ಪುಟ ಕೊಟ್ಟರೆ 189 ಆಯಿತು. 11 ಉಳಿಯಿತು. ಮೊದಲ ಪುಟಕ್ಕೆ ನಿಮ್ಮ ಹೆಸರು, ಊರು. ಕೊನೆಯ 10 ಪುಟ ಪದಗಳಿಗೆ ಬಿಡಿ, ಅದನ್ನು ಆಮೇಲೆ ಹೇಳುತ್ತೇನೆ.

ಏಳು ಪುಟ ಯಾಕೆ ಅಂದರೆ, ಮೊದಲ ಎರಡು ಪುಟ ಈ ವರ್ಷಕ್ಕೆ. ಮುಂದಿನ ಎರಡು ಬರುವ ವರ್ಷಕ್ಕೆ. ಅದರ ಮುಂದಿನ ಎರಡು ಮೂರನೇ ವರ್ಷಕ್ಕೆ. ಏಳನೇ ಪುಟ ಖಾಲಿ. ಒಂದೇ ಪುಸ್ತಕ ಮೂರು ವರ್ಷ ಬರುತ್ತದೆ. ಬರುವ ವರ್ಷದ ರೋಹಿಣಿ ಬರೆಯುವಾಗ ಈ ವರ್ಷದ ರೋಹಿಣಿ ಹಿಂದಿನ ಹಾಳೆಯಲ್ಲೇ ಇರುತ್ತದೆ. ಇದನ್ನು ದಯವಿಟ್ಟು ಬದಲಾಯಿಸಬೇಡಿ. ಇಡೀ ವಿಧಾನದ ಜೀವ ಇಲ್ಲಿದೆ. ನಾನು ಮೊದಲ ವರ್ಷ ಸುಮ್ನೆ ಸಾಲಾಗಿ ಬರೆದುಕೊಂಡು ಹೋಗೋಣ ಅಂದುಕೊಂಡಿದ್ದೆ. ಹಾಗೆ ಬರೆದಿದ್ದರೆ ಹಳೆಯದು ಹಿಂದೆ ಉಳಿದು ಮರೆತೇ ಹೋಗುತ್ತಿತ್ತು.

ಬಾಲ್‌ಪೆನ್ನಿನಲ್ಲಿ ಬರೆಯಿರಿ. ಎರಡನೇ ಪುಸ್ತಕದ ಉತ್ತರೆ ಮಳೆಯ ಪುಟಗಳನ್ನು ನಾನು ಜೆಲ್ ಪೆನ್ನಿನಲ್ಲಿ ಬರೆದಿದ್ದೆ. ಒಂದು ಸಂಜೆ ಸ್ಟೇಷನ್ನಿನಿಂದ ಮನೆಗೆ ನಡೆಯುವಾಗ ಚೀಲ ನೆನೆಯಿತು. ಆ ಪುಟಗಳೆಲ್ಲ ಈಗ ನೀಲಿ ಮೋಡ. ಬಾಲ್‌ಪೆನ್ನಿನ ಇಂಕು ಎಣ್ಣೆಯದು, ನೀರಿಗೆ ಕದಲುವುದಿಲ್ಲ. ಪೆನ್ಸಿಲ್ ಆದರೂ ಸರಿ.

ಮಳೆಗಳು ಯಾವಾಗ ಶುರು

ನಾನು ಮೈಸೂರಿನ ಒಂದು ಸಣ್ಣ ಪ್ರೆಸ್‌ನಲ್ಲಿ ಕರಡು ತಿದ್ದುತ್ತೇನೆ. ಲಗ್ನಪತ್ರಿಕೆ, ಕ್ಯಾಲೆಂಡರು, ಪ್ರಬಂಧ, ಎಲ್ಲ ಕಣ್ಣ ಮುಂದೆ ಹಾದು ಹೋಗುತ್ತವೆ. ಹಾಗಾಗಿ ಈ ಪಟ್ಟಿ ನನಗೆ ಬಾಯಿಪಾಠ. ನಿಮಗೆ ಒಂಟಿಕೊಪ್ಪಲ್ ಪಂಚಾಂಗದಲ್ಲೋ ಗೋಡೆ ಮೇಲಿನ ಯಾವುದಾದರೂ ಕನ್ನಡ ಕ್ಯಾಲೆಂಡರಿನಲ್ಲೋ ಸಿಗುತ್ತದೆ. ವರ್ಷಕ್ಕೆ ಒಂದು ದಿನ ಆಚೀಚೆ ಆಗಬಹುದು.

ಅಶ್ವಿನಿ ಏಪ್ರಿಲ್ 14ರ ಸುಮಾರಿಗೆ. ಭರಣಿ 27ಕ್ಕೆ. ಕೃತ್ತಿಕೆ ಮೇ 11, ರೋಹಿಣಿ ಮೇ 25. ಮೃಗಶಿರ ಜೂನ್ 8, ಆರಿದ್ರೆ 22. ಪುನರ್ವಸು ಜುಲೈ 6, ಪುಷ್ಯ 20. ಆಶ್ಲೇಷ ಆಗಸ್ಟ್ 3, ಮಘೆ 17, ಹುಬ್ಬೆ 30. ಉತ್ತರೆ ಸೆಪ್ಟೆಂಬರ್ 13, ಹಸ್ತ 27. ಚಿತ್ತೆ ಅಕ್ಟೋಬರ್ 10, ಸ್ವಾತಿ 24. ವಿಶಾಖ ನವೆಂಬರ್ 6, ಅನುರಾಧ 19. ಇಲ್ಲಿಗೆ 17 ಆಯಿತು.

ಪ್ರತಿ ಮಳೆಯ ಮೊದಲ ಪುಟದ ನೆತ್ತಿಯ ಮೇಲೆ ನಿಮ್ಮ ಮನೆಯವರು ಆಡುವ ಗಾದೆ ಬರೆಯಿರಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ. ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು. ಸ್ವಾತಿ ಮಳೆ ಬಂದರೆ ಮುತ್ತಿನಂಥ ಬೆಳೆ. ಗಾದೆ ಗೊತ್ತಿಲ್ಲದಿದ್ದರೆ ಅಜ್ಜಿಯನ್ನೋ ಪಕ್ಕದ ಮನೆಯ ಹಿರಿಯರನ್ನೋ ಕೇಳಿ. ಗಾದೆ ಕೇಳಲು ಹೋದವರಿಗೆ ಬರಿ ಗಾದೆ ಸಿಗುವುದಿಲ್ಲ. ನನಗೆ ಮಘೆಯ ಗಾದೆ ಹೇಳಿದ ಎದುರು ಮನೆ ಅಜ್ಜಿ ಅದರ ಜೊತೆಗೆ ಮನೆ ಬಿಟ್ಟು ಹೋದ ಮಗನ ಕಥೆಯನ್ನೂ ಹೇಳಿದರು. ಆ ಕಥೆ ಅವರದು, ನಾನು ಬರೆದಿಲ್ಲ.

ಉಳಿದ ಹತ್ತು ನಕ್ಷತ್ರಕ್ಕೆ ನಮ್ಮ ಕಡೆ ಮಳೆ ಇಲ್ಲ. ಡಿಸೆಂಬರ್ ಮೊದಲ ವಾರದಿಂದ ಏಪ್ರಿಲ್ ಮಧ್ಯದವರೆಗೆ. ಈ ಹತ್ತಕ್ಕೆ ನೀವೇ ಹೆಸರಿಡಬೇಕು. ನನಗೆ ಈ ವಿಧಾನದಲ್ಲಿ ತುಂಬಾ ಇಷ್ಟದ ಕೆಲಸ ಇದು. ನನ್ನ ಹೆಸರುಗಳು: ಮೆದೆ, ಸೊಗಡು, ಇಬ್ಬನಿ, ಕಿಚ್ಚು, ಕೊಕ್ಕರೆ, ತರಗೆಲೆ, ಮುತ್ತುಗ, ಹುಣಸೆ, ಬೇವು, ಹೊಂಗೆ. ಮೆದೆ ಅಂದರೆ ಹುಲ್ಲಿನ ಮೆದೆ ಒಟ್ಟುವ ದಿನಗಳು. ಸೊಗಡು ಅವರೆಕಾಯಿಯದು. ಕಿಚ್ಚು ಸಂಕ್ರಾಂತಿಯದು, ದನಗಳನ್ನು ಕಿಚ್ಚು ಹಾಯಿಸುವುದು. ಕೊಕ್ಕರೆ ಅಂದರೆ ನಮ್ಮ ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಊರವರು ಅವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಕೊನೆಯದಕ್ಕೆ ಹೊಂಗೆ ಅಂತ ಯಾಕೆ ಹೆಸರಿಟ್ಟೆ ಅಂತ ನಿಮಗೆ ಈಗ ಗೊತ್ತಲ್ವಾ?

ನೀವು ಮೈಸೂರಿನ ಅಪಾರ್ಟ್‌ಮೆಂಟಿನಲ್ಲಿದ್ದರೆ ನಿಮ್ಮ ಹತ್ತು ಹೆಸರು ಬೇರೆ ಇರುತ್ತವೆ. ಇರಲೇಬೇಕು. ಗುಲ್‌ಮೊಹರ್ ಇರಬಹುದು, ಪರೀಕ್ಷೆ ಇರಬಹುದು, ದೇವರಾಜ ಮಾರುಕಟ್ಟೆಗೆ ಮೊದಲ ಮಾವು ಬಂದ ವಾರ ಇರಬಹುದು.

ದಿನಕ್ಕೆ ನಾಲ್ಕು ಸಾಲು

ಎರಡು ಪುಟಕ್ಕೆ 14 ದಿನ. ದಿನಕ್ಕೆ ನಾಲ್ಕು ಸಾಲು ಸಿಗುತ್ತದೆ. ಜಾಸ್ತಿ ಬರೆಯಬೇಡಿ. ಸಾಲುಗಳು ಇವು: ನೀರು, ಜೀವ, ಒಲೆ, ಮಾತು.

ನೀರು ಅಂದರೆ ಇವತ್ತು ಮಳೆ ಬಂತೇ, ಎಷ್ಟು, ಎಷ್ಟು ಹೊತ್ತಿಗೆ. ಮಂಡ್ಯದವರಾದರೆ ಕನ್ನಂಬಾಡಿ ಕಟ್ಟೆ ಎಷ್ಟಡಿ ಅಂತಲೂ ಬರೆಯುತ್ತೀರಿ. ಇಲ್ಲಿ ಟೀ ಅಂಗಡಿಯಲ್ಲಿ ಇಬ್ಬರು ಸೇರಿದರೆ ಅದೇ ಮಾತು. 124.80 ಅಡಿ ಆದರೆ ತುಂಬಿತು ಅಂತ ಮಕ್ಕಳಿಗೂ ಗೊತ್ತು.

ಮಳೆ ಅಳೆಯಲು ನಾನು ಒಂದು ಬಾಟಲಿ ಇಟ್ಟಿದ್ದೇನೆ. ಮೈ ನೇರ ಇರುವ ಎರಡು ಲೀಟರಿನ ಬಾಟಲಿ ತಗೊಳ್ಳಿ. ಮೇಲಿನ ಭುಜ ಮುಗಿದು ಮೈ ನೇರವಾಗುವ ಕಡೆ ಕತ್ತರಿಸಿ. ಕತ್ತರಿಸಿದ ತಲೆಯನ್ನು ಮುಚ್ಚಳ ತೆಗೆದು, ತಲೆಕೆಳಗು ಮಾಡಿ, ಆಲಿಕೆ ಹಾಗೆ ಅದರೊಳಗೇ ಕೂರಿಸಿ. ತಳದಲ್ಲಿ ಉಬ್ಬುತಗ್ಗು ಇರುತ್ತದೆ. ಅದು ಮುಚ್ಚುವಷ್ಟು ಸಣ್ಣ ಕಲ್ಲು ಹಾಕಿ ನೀರು ತುಂಬಿ. ಆ ಮಟ್ಟಕ್ಕೆ ಸೊನ್ನೆ ಬರುವ ಹಾಗೆ ಹೊರಗಡೆ ಸ್ಕೇಲ್ ಅಂಟಿಸಿ. ತಾರಸಿಯ ಮೇಲೆ, ಮರದ ನೆರಳಿಲ್ಲದ ಕಡೆ, ಎರಡು ಇಟ್ಟಿಗೆಯ ನಡುವೆ ನಿಲ್ಲಿಸಿ. ದಿನಾ ನೋಡಿ, ಬರೆದು, ಮತ್ತೆ ಸೊನ್ನೆಗೆ ತನ್ನಿ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ನಮ್ಮ ತಾರಸಿ ಸುಮಾರು 50 ಚದರ ಮೀಟರ್. 20 ಮಿಲಿಮೀಟರ್ ಬಂದ ರಾತ್ರಿ ನಮ್ಮ ತಲೆಯ ಮೇಲೆ ಸಾವಿರ ಲೀಟರ್ ಬಿದ್ದಿರುತ್ತದೆ. ಇದನ್ನು ತಿಳಿದ ಮೇಲೆ ‘ಚೆನ್ನಾಗಿ ಮಳೆ ಬಂತು’ ಅಂತ ಬರೆಯಲು ನನಗೆ ಮನಸ್ಸು ಬರುವುದಿಲ್ಲ. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಅಳೆಯುತ್ತಾರೆ. ಅಷ್ಟು ಹೊತ್ತಿಗೆ ನಾನು ರೈಲಿನಲ್ಲಿರುತ್ತೇನೆ, ಹಾಗಾಗಿ 6.30ಕ್ಕೇ ಅಳೆಯುತ್ತೇನೆ. ಯಾವ ಹೊತ್ತಾದರೂ ಸರಿ, ದಿನಾ ಅದೇ ಹೊತ್ತಾಗಬೇಕು.

ಜೀವ ಅಂದರೆ ಒಂದು ಗಿಡ, ಒಂದು ಹಕ್ಕಿ, ಒಂದು ಹುಳು. ಒಂದೇ. ಇದಕ್ಕೆ ಒಂದು ಕಾಯಂ ಜಾಗ ಹಿಡಿಯಿರಿ. ನಾನು ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಹೋಗುತ್ತೇನೆ. ಶ್ರೀರಂಗಪಟ್ಟಣದಲ್ಲಿ ರೈಲು ಕಾವೇರಿಯನ್ನು ಎರಡು ಸಲ ದಾಟುತ್ತದೆ, ಊರೇ ನಡುಗಡ್ಡೆ ಅಲ್ವಾ. ಒಂದು ಸೇತುವೆ ಹತ್ತಿರ ಎಮ್ಮೆ ಮಲಗಿದಂಥ ಒಂದು ಬಂಡೆ ಇದೆ. ನನ್ನ ಪುಸ್ತಕದಲ್ಲಿ ಅದು ಎಮ್ಮೆಬಂಡೆ. ಬಂಡೆ ಪೂರ್ತಿ ಹೊರಗಿದೆಯೇ, ಬೆನ್ನು ಮಾತ್ರ ಕಾಣುತ್ತಿದೆಯೇ, ಮುಳುಗಿದೆಯೇ, ಮೇಲೆ ಯಾವ ಹಕ್ಕಿ ಕೂತಿದೆ. ರೈಲು ದಾಟುವುದು ಕೆಲವೇ ಸೆಕೆಂಡು. ಅಷ್ಟು ಸಾಕು. ಬೇರೆ ಬೇರೆ ಚೆಂದದ ಜಾಗ ಹುಡುಕಿಕೊಂಡು ಹೋಗುವುದಕ್ಕಿಂತ, ಒಂದೇ ಜಾಗವನ್ನು ಒಂಬತ್ತು ವರ್ಷ ನೋಡಿದ್ದು ನನಗೆ ಜಾಸ್ತಿ ಕೊಟ್ಟಿದೆ. ನಿಮ್ಮದು ಕುಕ್ಕರಹಳ್ಳಿ ಕೆರೆ ಏರಿಯ ಒಂದು ಬೆಂಚು ಆಗಬಹುದು. ಅಡುಗೆಮನೆ ಕಿಟಕಿಯ ನುಗ್ಗೆ ಮರ ಆಗಬಹುದು.

ಒಲೆ ಅಂದರೆ ಇವತ್ತು ಏನು ಬೆಂದಿತು, ಸಂತೆಯಲ್ಲಿ ಯಾವುದು ಎಷ್ಟು. ಬಸ್ಸಾರೋ ಉಪ್ಸಾರೋ, ಯಾವ ಸೊಪ್ಪು, ಯಾರು ತಂದರು. ಇದನ್ನು ಯಾರೂ ಬಿಡಬೇಡಿ, ಗಂಡಸರು ಕೂಡ. ಮನೆಯಲ್ಲಿ ಋತು ಮೊದಲು ಬದಲಾಗುವುದು ಸಾರಿನಲ್ಲಿ.

ಮಾತು

ನಾಲ್ಕನೇ ಸಾಲಿಗೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇನೆ. ಇವತ್ತು ಕಿವಿಗೆ ಬಿದ್ದ ಒಂದು ವಾಕ್ಯ, ಆಡಿದ ಹಾಗೇ ಬರೆಯಬೇಕು.

ಇದು ನನಗೆ ಬಹಳ ಕಷ್ಟವಾಯಿತು. ಕರಡು ತಿದ್ದುವುದು ನನ್ನ ಹೊಟ್ಟೆಪಾಡು. ತಪ್ಪು ಕಂಡರೆ ಕೈ ತಾನೇ ಹೋಗುತ್ತದೆ. ಒಂದು ಬೇಸಿಗೆಯಲ್ಲಿ ಅಮ್ಮ ಅಂದರು, ‘ಒಲ ಒಣಗ್ದಂಗೆ ಒಟ್ಟೆನೂ ಒಣಗ್ತದೆ.’ ನಾನು ಪುಸ್ತಕದಲ್ಲಿ ‘ಹೊಲ ಒಣಗಿದ ಹಾಗೆ ಹೊಟ್ಟೆಯೂ ಒಣಗುತ್ತದೆ’ ಅಂತ ಬರೆದೆ. ವಾರ ಬಿಟ್ಟು ಓದಿದೆ. ವ್ಯಾಕರಣ ಸರಿ ಇತ್ತು. ಅಮ್ಮ ಇರಲಿಲ್ಲ. ಅಮ್ಮನ ಬಾಯಲ್ಲಿ ಒಲ ಮತ್ತು ಒಟ್ಟೆ ಒಂದೇ ಅಕ್ಷರದಿಂದ ಶುರುವಾಗಿ ಒಣಗುವುದರ ಜೊತೆ ಸೇರಿ ಒಂದು ತಾಳ ಆಗಿದ್ದವು. ಹಕಾರ ಹಾಕಿ ನಾನು ಆ ತಾಳ ಕೆಡಿಸಿದ್ದೆ. ಅವತ್ತಿನಿಂದ ನಾಲ್ಕನೇ ಸಾಲನ್ನು ನಾನು ತಿದ್ದುವುದಿಲ್ಲ.

ಇನ್ನೊಂದು ಹೇಳುತ್ತೇನೆ. ಬೆಳಗಿನ ರೈಲಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಒಬ್ಬರು ಬರುತ್ತಾರೆ. ಪುಷ್ಯ ಮಳೆಯ ಒಂದು ಮಬ್ಬು ದಿನ ಅವರು ಅಂದದ್ದು: ‘ಮೋಡ ಕವುಚ್ಕಂಡಿದ್ರೆ ಮಲ್ಗೆ ಬಾಯಿ ಬುಡಾಕಿಲ್ಲ ಕನವ್ವ.’ ನಾನು ಹತ್ತು ಸಾಲು ಬರೆದು ಆ ದಿನವನ್ನು ಹೇಳಲು ಹೋಗಿದ್ದರೂ ಇಷ್ಟು ಹೇಳಲು ಆಗುತ್ತಿರಲಿಲ್ಲ.

ಮಾತು ಕೇಳಿಸಿಕೊಂಡ ಮೇಲೆ ಒಂದು ಗಂಟೆಯೊಳಗೆ ಬರೆಯಿರಿ. ಸಂಜೆಯವರೆಗೆ ಇಟ್ಟುಕೊಂಡರೆ ಅದು ನಿಮ್ಮ ಮಾತಾಗಿಬಿಡುತ್ತದೆ. ಪುಸ್ತಕ ಕೈಲಿಲ್ಲದಿದ್ದರೆ ಟಿಕೆಟ್ಟಿನ ಹಿಂದೆ ಬರೆಯಿರಿ, ಫೋನಿನಲ್ಲಿ ನಿಮ್ಮ ದನಿಯಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಆದರೆ ಬೇರೆಯವರು ಮಾತಾಡುವಾಗ ಅವರಿಗೆ ಹೇಳದೆ ರೆಕಾರ್ಡ್ ಮಾಡಬೇಡಿ. ಹೆಸರನ್ನೂ ಬರೆಯಬೇಡಿ. ‘ಹೂವಿನವರು’ ಅಂದರೆ ನಿಮಗೆ ಗೊತ್ತಾಗುತ್ತದೆ, ಸಾಕು.

ಇನ್ನು ಬರೆಯಬಾರದ್ದು. ‘ಮನಸ್ಸಿಗೆ ಬೇಸರ’, ‘ಏನೋ ಖುಷಿ’, ‘ಪ್ರಕೃತಿ ಎಷ್ಟು ಸುಂದರ’ ಇವು ಬೇಡ. ಬೇಸರ ಆದ ದಿನ ಒಲೆಯ ಸಾಲಿನಲ್ಲಿ ‘ನೆನ್ನೆಯ ಸಾರು, ಬಿಸಿ ಮಾಡಲಿಲ್ಲ’ ಅಂತ ಬರೆಯಿರಿ. ಮೂರು ವರ್ಷದ ಮೇಲೆ ಓದಿದರೂ ಆ ದಿನ ಪೂರ್ತಿ ಎದ್ದು ಬರುತ್ತದೆ. ಅಪ್ಪ ‘ಖುಷಿಯಾಯಿತು’ ಅಂತ ಬರೆದಿದ್ದರೆ ನಾನು ಆ ಪುಟ ದಾಟಿ ಹೋಗಿರುತ್ತಿದ್ದೆ.

ಸಮಯ ಇಲ್ಲ ಅನ್ನುವವರಿಗೆ ಒಂದೇ ಮಾತು. ನಾಲ್ಕು ಸಾಲಿಗೆ ಐದು ನಿಮಿಷ. ನಮ್ಮ ಜಿಲ್ಲೆಯ ಮೇಲುಕೋಟೆಯವರಾದ ಕವಿ ಪು.ತಿ.ನ. ಮೈಸೂರು ಸರ್ಕಾರದ ಸೇನಾ ಕಚೇರಿಯಲ್ಲಿ ಕೆಲಸ ಮಾಡಿಕೊಂಡೇ ಬರೆದವರು.

ನಮ್ಮ ಮಳೆ, ಅವರ ಮಳೆ

ಮೊದಲ ಪುಸ್ತಕದ ಎರಡನೇ ವರ್ಷ ನನಗೊಂದು ವಿಷಯ ತಿಳಿಯಿತು. ಅಲ್ಲಿಯವರೆಗೆ ನನ್ನ ಕಥೆಗಳಲ್ಲಿ ಆಷಾಢ ಬಂದರೆ ಜಿಟಿಜಿಟಿ ಮಳೆ ಸುರಿಯುತ್ತಿತ್ತು. ಹಂಡೆ ಒಲೆ, ಕಂಬಳಿ, ಹಪ್ಪಳ. ಚೆನ್ನಾಗಿಯೇ ಬರೆದಿದ್ದೆ. ಆದರೆ ಪುಟ ತಿರುಗಿಸಿ ನೋಡಿದರೆ ಪುನರ್ವಸು, ಪುಷ್ಯದಲ್ಲಿ ನನ್ನ ಬಾಟಲಿಯಲ್ಲಿ ಬಹುತೇಕ ಸೊನ್ನೆ. ನೀರಿನ ಸಾಲಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದದ್ದು ‘ಗಾಳಿ’. ‘ಗಾಳಿ, ಬಟ್ಟೆ ಪಕ್ಕದ ತಾರಸಿಗೆ.’ ‘ಗಾಳಿ, ಬಾಗಿಲು ರಾತ್ರಿಯೆಲ್ಲ ಬಡಿಯಿತು.’ ‘ಗಾಳಿ, ತೆಂಗಿನ ಗರಿ ಬಿತ್ತು.’

ನಾನು ಬರೆದಿದ್ದ ಮಳೆ ಮಲೆನಾಡಿನದು. ಕನ್ನಡದಲ್ಲಿ ಮಲೆನಾಡಿನ ಮಳೆಯನ್ನು ಎಷ್ಟು ಚೆನ್ನಾಗಿ ಬರೆದಿದ್ದಾರೆ ಅಂದರೆ, ಓದಿ ಓದಿ ಅದೇ ನಮ್ಮ ಮಳೆ ಅನ್ನಿಸಿಬಿಡುತ್ತದೆ. ಮಂಡ್ಯ ಬಯಲು ಸೀಮೆ. ಇಲ್ಲಿ ಆಷಾಢ ಅಂದರೆ ಗಾಳಿ. ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಮಳೆ ಒಂದಿಷ್ಟು ಬರುತ್ತದೆ. ಆಮೇಲೆ ನಮಗೆ ನಿಜವಾಗಿ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅಂದರೆ ಉತ್ತರೆ, ಹಸ್ತ, ಚಿತ್ತೆ. ಅದೂ ಸಂಜೆ ಹೊತ್ತು. ಹಾಗಿದ್ದರೂ ಜುಲೈನಲ್ಲಿ ನಮ್ಮ ನಾಲೆಯಲ್ಲಿ ನೀರು ಬರುತ್ತದೆ, ಯಾಕೆಂದರೆ ಕಟ್ಟೆ ತುಂಬುವುದು ಕೊಡಗಿನ ಮಳೆಗೆ. ಆಕಾಶ ಒಣಗಿರುವಾಗ ಕಾಲ ಬುಡದಲ್ಲಿ ಕೆಂಪು ನೀರು ಹರಿಯುವುದು, ಯಾರದೋ ಊರಿನ ಮಳೆಗೆ ನಮ್ಮೂರಲ್ಲಿ ನಾಟಿ ಶುರುವಾಗುವುದು, ಇದು ನಮ್ಮ ಕಥೆ. ಅದನ್ನು ಬಿಟ್ಟು ನಾನು ಹಪ್ಪಳ ಕರಿಯುತ್ತಿದ್ದೆ.

ನಿಮ್ಮ ಪುಸ್ತಕವೂ ನಿಮಗೆ ಇಂಥದ್ದೇನಾದರೂ ಹೇಳಿದಾಗ ನೀವು ಓದಿದ್ದನ್ನು ನಂಬಬೇಡಿ, ಬಾಟಲಿಯನ್ನು ನಂಬಿ.

ಏನೂ ಇಲ್ಲದ ದಿನ

ಬರುತ್ತದೆ. ಜ್ವರ, ಪ್ರೆಸ್‌ನಲ್ಲಿ ತುರ್ತು ಕೆಲಸ, ದಸರೆಯಲ್ಲಿ ಕಾಲಿಡಲು ಜಾಗ ಇಲ್ಲದ ರೈಲು. ಅವತ್ತು ‘ಏನೂ ಇಲ್ಲ’ ಅಂತ ಬರೆದು ಹೊತ್ತು ಹಾಕಿ. ಖಾಲಿ ಬಿಡಬೇಡಿ. ಆಮೇಲೆ ನೆನಪು ಮಾಡಿಕೊಂಡು ತುಂಬಿಸಲೂಬೇಡಿ. ಮನಸ್ಸು ತುಂಬಿಸಿದ್ದು ಯಾವಾಗಲೂ ಹೊಂಗೆ ಹೂವೇ ಆಗಿರುತ್ತದೆ.

ಏಳನೇ ಪುಟ

ಪ್ರತಿ ಮಳೆಯ ಮೊದಲ ದಿನ, ಹೊಸ ಸಾಲು ಬರೆಯುವ ಮುಂಚೆ, ಹೋದ ವರ್ಷದ ಅದೇ ಮಳೆಯನ್ನು ಓದಿ. ಪೂರ್ತಿ ಎರಡು ಪುಟ. ಏನು ಬದಲಾಗಿದೆ ಅಂತ ಕೇಳಿಕೊಳ್ಳಿ. ಬದಲಾದದ್ದು ಒಂದು ಸಾಲಾಗಿ ಏಳನೇ ಪುಟಕ್ಕೆ ಹೋಗಬೇಕು. ಬರವಣಿಗೆ ಶುರುವಾಗುವುದು ಇಲ್ಲಿ.

ಆರಿದ್ರೆಯ ಒಂಬತ್ತನೇ ದಿನ ನನ್ನ ಮೂರನೇ ಪುಸ್ತಕದಲ್ಲಿ ಹೀಗಿದೆ. 2023: ‘ಮಳೆ 0. ಎಮ್ಮೆಬಂಡೆ ಪೂರ್ತಿ ಹೊರಗೆ, ಬುಡದ ಮರಳೂ ಕಾಣುತ್ತಿದೆ.’ 2024: ‘ಮಳೆ 3. ಬಂಡೆ ಹೊರಗೆ. ಕಟ್ಟೆ ಏರುತ್ತಿದೆಯಂತೆ.’ 2025: ‘ಮಳೆ 0. ಬಂಡೆ ಇಲ್ಲ. ಕಟ್ಟೆ ತುಂಬಿದೆ.’ 2023ರಲ್ಲಿ ಬರ, ಕಟ್ಟೆ ತುಂಬಲೇ ಇಲ್ಲ. 2024ರಲ್ಲಿ ಜುಲೈನಲ್ಲಿ ತುಂಬಿತು. 2025ರಲ್ಲಿ ಜೂನ್ ಮುಗಿಯುವಷ್ಟರಲ್ಲೇ ತುಂಬಿತು. ಈ ಮೂರು ಸಾಲನ್ನು ಒಟ್ಟಿಗೆ ಇಟ್ಟು ಏಳನೇ ಪುಟದಲ್ಲಿ ನಾನು ಬರೆದದ್ದು: ‘ಬಂಡೆ ಮುಳುಗಿದ ದಿನ ಬೋಗಿಯಲ್ಲಿ ಎಲ್ಲರೂ ಎದ್ದು ಕಿಟಕಿಗೆ ಬಂದರು. ಕಾಣದಿರುವುದನ್ನು ನೋಡಲು.’ ಅದು ಆಮೇಲೆ ಒಂದು ಪುಟ್ಟ ಕಥೆಯಾಯಿತು.

ಇನ್ನೊಂದು ಉದಾಹರಣೆ ಅಮ್ಮನದು. ಸೊಗಡಿನ ಪುಟಗಳಲ್ಲಿ, ಒಲೆಯ ಸಾಲಿನಲ್ಲಿ ಮೂರು ವರ್ಷವೂ ಹಿದುಕಿದ ಬೇಳೆ ಸಾರು ಇದೆ. 2023: ‘ಅಮ್ಮ ಜಗುಲಿ ಮೇಲೆ ಕೂತು ಎರಡು ಸೇರು ಅವರೆ ಹಿದುಕಿದರು, ಟಿ.ವಿ. ಮುಗಿಯುವಷ್ಟರಲ್ಲಿ.’ 2024: ‘ಒಂದು ಸೇರು ಅಮ್ಮ, ಒಂದು ಸೇರು ನಾನು.’ 2025: ‘ಅಮ್ಮ ಅಂದರು, ಮಾರ್ಕೆಟ್ಟಲ್ಲಿ ಹಿದುಕಿದ್ದೇ ಸಿಕ್ತದಲ್ಲ, ಅದನ್ನೇ ತತ್ತಾ.’ ಬರೆಯುವಾಗ ಮೂರೂ ದಿನ ನನಗೆ ವಿಶೇಷ ಏನೂ ಅನ್ನಿಸಿರಲಿಲ್ಲ. ಮೂರನೆಯದು ಬರೆದು ಹಿಂದಿನ ಹಾಳೆ ತಿರುಗಿಸಿದೆ. ಎದ್ದು ಹೋಗಿ ಅಮ್ಮನ ಹೆಬ್ಬೆರಳು ನೋಡಿದೆ. ಗೆಣ್ಣು ಊದಿತ್ತು. ಎಷ್ಟು ದಿನದಿಂದ ಅಂದೆ. ಹೋದ ವರ್ಷದಿಂದಲೇ ಅಂದರು. ದಿನಾ ಎದುರಿಗಿರುವವರನ್ನು ನಾನು ನೋಡಿರಲಿಲ್ಲ. ಪುಸ್ತಕ ನೋಡಿತ್ತು. ಮಾರನೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಪ್ರಬಂಧ ಬರೆದದ್ದು ಎಷ್ಟೋ ದಿನ ಆದ ಮೇಲೆ.

ಏಳನೇ ಪುಟದಿಂದ ಬರಹ ಮಾಡುವಾಗ ಒಂದು ಎಚ್ಚರ ಇರಲಿ. ಮೂರು ವರ್ಷದ್ದನ್ನೂ ತುರುಕಬೇಡಿ. ಒಂದು ಬದಲಾವಣೆ, ಅದರ ಸುತ್ತ ಇರುವ ನಾಲ್ಕೈದು ಸಾಲು, ಅಷ್ಟನ್ನೇ ತೆಗೆದುಕೊಳ್ಳಿ. ಮೊದಲ ಕರಡನ್ನು ಪುಸ್ತಕ ಮುಚ್ಚಿಟ್ಟು ಬರೆಯಿರಿ. ಆಮೇಲೆ ತೆರೆದು ಹೂ, ತಾರೀಖು, ಬೆಲೆ, ಮಾತು ಸರಿ ಇದೆಯೇ ಅಂತ ನೋಡಿ.

ಕೊನೆಯ ಹತ್ತು ಪುಟ

ಇಲ್ಲಿ ಪದಗಳನ್ನು ಕೂಡಿಡಿ. ಹದ, ಸೋನೆ, ಜಡಿ, ಅಡ್ಡ ಮಳೆ, ತುಂತುರು, ಕಾವಳ, ಧಗೆ. ಹದ ಅನ್ನುವ ಒಂದು ಪದದಲ್ಲಿ ಮಳೆ, ಮಣ್ಣು, ನೇಗಿಲು, ಒಲೆ ಮೇಲಿನ ಪಾಕ ಎಲ್ಲ ಇದೆ. ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವವರೂ ಹದ ಅಂತಾರೆ, ಹೊಲದಲ್ಲಿ ಮಣ್ಣು ಹಿಡಿದು ನೋಡುವವರೂ ಹದ ಅಂತಾರೆ. ಬಿಸಿಲು ಮಳೆ ಒಟ್ಟಿಗೆ ಬಂದರೆ ಕಾಗೆಗೂ ನರಿಗೂ ಮದುವೆ ಅಂತ ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ನಿಮ್ಮಲ್ಲಿ ಯಾರ ಯಾರ ಮದುವೆಯೋ, ಬರೆದಿಡಿ. ಪದದ ಪಕ್ಕ ಯಾರ ಬಾಯಲ್ಲಿ, ಯಾವ ಮಳೆಯಲ್ಲಿ ಕೇಳಿದಿರಿ ಅಂತ ಇರಲಿ.

ಶುರು ಮಾಡಲು ಅಶ್ವಿನಿಯವರೆಗೆ ಕಾಯಬೇಕಿಲ್ಲ. ಈಗ ಯಾವ ಮಳೆ ನಡೆಯುತ್ತಿದೆ, ಅದರ ಎಷ್ಟನೇ ದಿನ ಅಂತ ಕ್ಯಾಲೆಂಡರು ನೋಡಿ ಎಣಿಸಿ. ಮಳೆ ಇಲ್ಲದ ಹತ್ತರಲ್ಲಿ ಒಂದಾಗಿದ್ದರೆ, ಕಿಟಕಿಯಿಂದ ಆಚೆ ನೋಡಿ ಅದಕ್ಕೊಂದು ಹೆಸರಿಡಿ. ಆ ಹೆಸರಿನ ಪುಟ ತೆರೆದು ನಾಲ್ಕು ಸಾಲು ಬರೆಯಿರಿ. ಈ ವರ್ಷದ ಎರಡು ಪುಟ ಆದ ಮೇಲಿನ ನಾಲ್ಕು ಪುಟ ಖಾಲಿ ಬಿಡುವುದನ್ನು ಮರೆಯಬೇಡಿ, ಅವು ಬರುವ ವರ್ಷದ್ದು ಮತ್ತು ಅದರಾಚೆ ವರ್ಷದ್ದು.